ನಲ್ಲಿ, ಷವರ್, ಟೈಲ್ಸ್ ಮೇಲೆ ಬೋರ್ ನೀರಿನ ಬಿಳಿ ಕಲೆ: ಸೋಡಾ-ವಿನೆಗರ್ ಹಾಕಿದರೂ ಹೋಗುತ್ತಿಲ್ಲ, ಏನು ಮಾಡಲಿ?

ಸೊಪ್ಪಿನಸಾರು
ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಕಾವೇರಿ ನೀರು ಅಡುಗೆಗೆ, ಕುಡಿಯೋಕೆ ಸರಿಹೋಗುತ್ತದೆ. ಸ್ನಾನ, ಬಟ್ಟೆ, ಪಾತ್ರೆ ಎಲ್ಲದಕ್ಕೂ ಬೋರ್ ನೀರೇ. ನಲ್ಲಿ, ಷವರ್, ಬಕೆಟ್, ಗೋಡೆ ಟೈಲ್ಸ್, ಯಾವುದನ್ನು ಮುಟ್ಟಿದರೂ ಬಿಳಿ ಪದರ. ಷವರ್‌ನ ಅರ್ಧ ತೂತು ಮುಚ್ಚಿಹೋಗಿವೆ. ನೀರು ತಲೆ ಮೇಲೆ ಬೀಳೋದು ಬಿಟ್ಟು ಗೋಡೆಗೆ ಚಿಮ್ಮುತ್ತದೆ.

ಮಗನಿಗೆ ಆರು ವರ್ಷ, ವೀಸಿಂಗ್ ಇದೆ. ಒಂದು ಸಲ ಬಾತ್‌ರೂಮ್ ಆಸಿಡ್ ಹಾಕಿ ತೊಳೆದ ದಿನ ರಾತ್ರಿಯೆಲ್ಲ ಕೆಮ್ಮಿದ. ಆಮೇಲೆ ಅದನ್ನು ಮನೆಯೊಳಗೆ ತಂದಿಲ್ಲ. ವಿಡಿಯೋ ನೋಡಿ ಅಡುಗೆ ಸೋಡಾಗೆ ವಿನೆಗರ್ ಹಾಕಿ ಕಲಸಿ ಹಚ್ಚಿದೆ. ಬುಸ್ ಅಂತ ನೊರೆ ಬಂತು. ತೊಳೆದು ನೋಡಿದರೆ ಕಲೆ ಇದ್ದ ಹಾಗೇ ಇದೆ. ಮೂರು ಸಲ ಮಾಡಿದೆ. ಮುಂದಿನ ತಿಂಗಳು ಮನೆ ಖಾಲಿ ಮಾಡಬೇಕು, ಕಲೆ ಉಳಿದರೆ ಅಡ್ವಾನ್ಸ್‌ನಲ್ಲಿ ಹಿಡಿಯುತ್ತೇವೆ ಎಂದಿದ್ದಾರೆ ಮನೆ ಮಾಲೀಕರು. ಹೊಗೆ, ವಾಸನೆ ಇಲ್ಲದೆ ಈ ಕಲೆ ತೆಗೆಯೋ ದಾರಿ ಗೊತ್ತಿದ್ದರೆ ದಯವಿಟ್ಟು ಹೇಳಿ.

ತುಂಗಾತೀರ
ನಿಂಬೆಹಣ್ಣು ಅರ್ಧ ಕತ್ತರಿಸಿ, ಉಪ್ಪಿನಲ್ಲಿ ಅದ್ದಿ ಉಜ್ಜಿ. ನಮ್ಮಮ್ಮ ಮಾಡೋದು ಅದೇ.

ಹೆಂಚಿನಮನೆ
ನಿಂಬೆಹಣ್ಣಿನ ಬೆಲೆ ನೋಡಿದ್ದೀರಾ? ಬೇಸಿಗೆಯಲ್ಲಿ ಪಾನಕಕ್ಕೇ ಕೊಳ್ಳೋಕೆ ಆಗಲ್ಲ, ಬಾತ್‌ರೂಮ್ ಗೋಡೆಗೆ ಎಲ್ಲಿಂದ ತರೋದು? ಹಿಂಡಿ ಉಳಿದ ಸಿಪ್ಪೆ ಇದ್ದರೆ ಉಜ್ಜಿ, ಅಷ್ಟೇ.

ರಸಾಯನ_ಮೇಷ್ಟ್ರು
ಸೊಪ್ಪಿನಸಾರು ಅವರೇ, ನೀವು ತಂದ ವಸ್ತು ಸರಿ ಇದೆ, ಎರಡನ್ನೂ ಬೆರೆಸಿದ್ದೇ ತಪ್ಪಾಯಿತು. ನಾನು ಹೈಸ್ಕೂಲಿನಲ್ಲಿ 22 ವರ್ಷ ವಿಜ್ಞಾನ ಪಾಠ ಮಾಡಿದವನು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ನೀರು ಆರಿದ ಮೇಲೆ ನಲ್ಲಿ ಮೇಲೆ ಉಳಿಯೋದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಜಾತಿಯದೇ. ಇದು ಹುಳಿಗೆ ಕರಗುತ್ತದೆ. ವಿನೆಗರ್ ಹುಳಿ, ಅದರಲ್ಲಿ ಶೇಕಡಾ 4-5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಅಡುಗೆ ಸೋಡಾ ಅದಕ್ಕೆ ವಿರುದ್ಧ, ಕ್ಷಾರ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದನ್ನೊಂದು ತಿಂದುಹಾಕುತ್ತವೆ. ನೊರೆಯಾಗಿ ಬಂದದ್ದು ಇಂಗಾಲದ ಡೈಆಕ್ಸೈಡ್. ಕೊನೆಗೆ ನಿಮ್ಮ ಕೈಯಲ್ಲಿ ಉಳಿದದ್ದು ಸೋಡಿಯಂ ಅಸಿಟೇಟ್ ಅನ್ನೋ ಲವಣ ಕರಗಿದ ನೀರು. ಅದಕ್ಕೆ ಕಲೆ ಕರಗಿಸೋ ಶಕ್ತಿ ಇಲ್ಲ.

ವಿನೆಗರ್ ಒಂದನ್ನೇ ಹಚ್ಚಿ. ಅದರ ವಾಸನೆ ಮಗುವಿಗೆ ಆಗದಿದ್ದರೆ ನಿಂಬೆ ಉಪ್ಪು ತನ್ನಿ, ಸಿಟ್ರಿಕ್ ಆಸಿಡ್ ಅಂದರೂ ಅದೇ. ವಾಸನೆಯೇ ಇರುವುದಿಲ್ಲ.

ಕರಾವಳಿ_ಕೊಡೆ
ಮೇಷ್ಟ್ರೇ, ಅದು ಹೇಗೆ ಮಾರಾಯ್ರೇ? ನಾನು ಸೋಡಾ-ವಿನೆಗರ್ ಹಾಕಿ ಸಿಂಕ್ ಎಷ್ಟು ಸಲ ಕ್ಲೀನ್ ಮಾಡಿದ್ದೇನೆ. ಚೆನ್ನಾಗಿ ಆಗುತ್ತದೆ.

ರಸಾಯನ_ಮೇಷ್ಟ್ರು
ಆಮೇಲೆ ಬಿಸಿನೀರು ಸುರಿದಿರಾ? ಬ್ರಷ್ ಹಾಕಿ ತಿಕ್ಕಿದಿರಾ?

ಕರಾವಳಿ_ಕೊಡೆ
ಹೌದು, ಎರಡೂ.

ರಸಾಯನ_ಮೇಷ್ಟ್ರು
ಹಾಗಾದರೆ ಕೆಲಸ ಮಾಡಿದ್ದು ಬಿಸಿನೀರು ಮತ್ತು ನಿಮ್ಮ ಕೈ. ಸೋಡಾ ಪುಡಿ ಕರಗೋ ಮೊದಲು ಸ್ವಲ್ಪ ಉಜ್ಜಿಕೊಟ್ಟಿರುತ್ತದೆ. ಜಿಡ್ಡು ಕಟ್ಟಿದ ಸಿಂಕಿಗೆ ಪಾತ್ರೆ ಸೋಪು ಹಾಕಿ ಬಿಸಿನೀರು ಬಿಡಿ, ಅದೇ ಸಾಕು. ಕುದಿಯೋ ನೀರು ಬೇಡ, ಪಿವಿಸಿ ಪೈಪ್ ಮೆತ್ತಗಾಗುತ್ತದೆ.

ಗುಬ್ಬಿಗೂಡು
ಸಿಟ್ರಿಕ್ ಆಸಿಡ್ ಅಂತ ಕೇಳಿದರೆ ನಮ್ಮ ಕಿರಾಣಿ ಅಂಗಡಿಯವರು ಇಲ್ಲ ಅಂದರು. ನಿಂಬೆ ಉಪ್ಪು ಅಂದ ಕೂಡಲೇ ಡಬ್ಬಿ ತೆಗೆದು ಕೊಟ್ಟರು. ಗ್ರಂಧಿಗೆ ಅಂಗಡಿಯಲ್ಲೂ ಸಿಗುತ್ತದೆ. ನಾನು 1 ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಹಾಕುತ್ತೇನೆ. ಹಳೇ ಕಾಟನ್ ಬಟ್ಟೆಯನ್ನು ಅದರಲ್ಲಿ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಬೇಕು. ಸುರಿದರೆ ಹರಿದು ಹೋಗುತ್ತದೆ, ಸುತ್ತಿದರೆ ಅಲ್ಲೇ ನಿಲ್ಲುತ್ತದೆ. ಗುಟ್ಟು ಇರೋದೇ ಅಲ್ಲಿ. ಷವರ್‌ಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಈ ನೀರು ತುಂಬಿ, ಷವರ್ ಮುಖ ಮುಳುಗೋ ಹಾಗೆ ರಬ್ಬರ್ ಬ್ಯಾಂಡ್ ಕಟ್ಟಿ ಬಿಡಿ. ಆಮೇಲೆ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತೂತು ತೂತಿಗೂ ಉಜ್ಜಿ.

ಸ್ಪ್ರೇ ಮಾತ್ರ ಮಾಡಬೇಡಿ ಅಕ್ಕಾ. ವೀಸಿಂಗ್ ಇರೋ ಮಗು ಮನೆಯಲ್ಲಿದೆ. ನಿಮ್ಮ ಕಣ್ಣಿಗೆ ಬಿದ್ದರೂ ಉರಿಯುತ್ತದೆ.

ಹೆಂಚಿನಮನೆ
ಅದಕ್ಕೂ ಮೊದಲು ಒಂದು ಸಲ ಪಾತ್ರೆ ಸೋಪಿನಲ್ಲಿ ತೊಳೆಯಿರಿ. ಬೋರ್ ನೀರಿಗೆ ಸ್ನಾನದ ಸೋಪು ಸೇರಿ ಮೊಸರು ಒಡೆದ ಹಾಗೆ ಆಗಿ ಟೈಲ್ಸ್‌ಗೆ ಹಿಡಿದಿರುತ್ತದೆ. ಆ ಜಿಡ್ಡು ಮೇಲೆ ಕೂತಿದ್ದರೆ ಹುಳಿ ಕೆಳಗಿನ ಸುಣ್ಣಕ್ಕೆ ತಾಗುವುದೇ ಇಲ್ಲ.

ಹಸಿರುತೋಟ
ಯಾರೂ ಬಯೋ ಎಂಜೈಮ್ ಹೆಸರು ಎತ್ತಲಿಲ್ಲವಲ್ಲ! ನಾಲ್ಕು ವರ್ಷದಿಂದ ನಮ್ಮ ಮನೆಗೆ ಫಿನೈಲ್ ಬಂದಿಲ್ಲ. 1 ಲೀಟರ್ ನೀರು, 300 ಗ್ರಾಂ ಕಿತ್ತಳೆ, ಮೋಸಂಬಿ, ನಿಂಬೆ ಸಿಪ್ಪೆ, 100 ಗ್ರಾಂ ಬೆಲ್ಲ. ಮೂರು ತಿಂಗಳು ಕೊಳೆಸಿ ಸೋಸಿದರೆ ಮುಗಿಯಿತು. ನೆಲಕ್ಕೂ ಅದೇ, ಬಾತ್‌ರೂಮಿಗೂ ಅದೇ. ಅಂಟುವಾಳದ ನೀರು ಬೆರೆಸಿದರೆ ಪಾತ್ರೆಗೂ ಆಗುತ್ತದೆ. ಥಾಯ್ಲೆಂಡಿನ ಡಾ. ರೋಸುಕಾನ್ ಪೂಂಪನ್ವಾಂಗ್ ಅವರು ಇದನ್ನು ಜನರಿಗೆ ಪರಿಚಯಿಸಿದರು. ಕಸವೂ ಕಡಿಮೆಯಾಗುತ್ತದೆ, ದುಡ್ಡೂ ಉಳಿಯುತ್ತದೆ. ರೋಗಾಣು, ಜಿರಳೆ, ಸೊಳ್ಳೆ ಎಲ್ಲಕ್ಕೂ ಇದೇ ಮದ್ದು.

ರಸಾಯನ_ಮೇಷ್ಟ್ರು
ಕೊನೆಯ ಸಾಲು ಬಿಟ್ಟು ಉಳಿದದ್ದೆಲ್ಲ ಒಪ್ಪುತ್ತೇನೆ. ಬೆಲ್ಲ ಕೊಳೆತು ಮೊದಲು ಮದ್ಯಸಾರ, ಆಮೇಲೆ ಹುಳಿ ಆಗುತ್ತದೆ. ಅಂದರೆ ಅದೂ ಒಂದು ಬಗೆಯ ವಿನೆಗರ್. ನೆಲ ಒರೆಸೋಕೆ ಒಳ್ಳೆಯದು. ಜಿರಳೆಗೆ, ಸೊಳ್ಳೆಗೆ ಮದ್ದು ಅಂತ ಹೇಳೋದು ಬೇಡ. ಮನೆಯಲ್ಲಿ ಯಾರಿಗಾದರೂ ವಾಂತಿ-ಭೇದಿ ಆದಾಗ ಇದೊಂದನ್ನೇ ನಂಬಿ ಶೌಚಾಲಯ ತೊಳೆದರೆ ಸಾಲುವುದಿಲ್ಲ.

ಹಸಿರುತೋಟ
ನಮ್ಮ ಮನೆಯಲ್ಲಿ ಜಿರಳೆ ಇಲ್ಲ ಸರ್, ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ರಸಾಯನ_ಮೇಷ್ಟ್ರು
ದಿನಾ ಒರೆಸುತ್ತೀರಿ, ಎಂಜಲು ಉಳಿಸುವುದಿಲ್ಲ, ಹಸಿ ಕಸ ಅಂದಂದೇ ಸಿಪ್ಪೆ ಸಮೇತ ಬಾಟಲಿಗೆ ಹೋಗುತ್ತದೆ. ಜಿರಳೆಗೆ ತಿನ್ನೋಕೇ ಏನೂ ಇಲ್ಲ ಅಲ್ವಾ? ನಿಮ್ಮ ಶ್ರಮಕ್ಕೆ ಸಿಗಬೇಕಾದ ಹೆಸರನ್ನು ಬಾಟಲಿಗೆ ಕೊಡಬೇಡಿ.

ಕೆಂಪುಕೋಟೆ_ರಸ್ತೆ
ಬಯೋ ಎಂಜೈಮ್ ಮಾಡುವವರಿಗೆ ಒಂದು ಮಾತು. ಗಾಜಿನ ಬಾಟಲಿ ಬೇಡವೇ ಬೇಡ. ನನ್ನ ತಂಗಿ ಗಾಜಿನ ಜಾಡಿಗೆ ಬಾಯಿವರೆಗೂ ತುಂಬಿ, ಮುಚ್ಚಳ ಬಿಗಿದು ಅಟ್ಟದ ಮೇಲಿಟ್ಟಳು. ಹತ್ತನೇ ದಿನ ರಾತ್ರಿ ಒಡೆದು ಗಾಜಿನ ಚೂರು ಅಡುಗೆಮನೆ ತುಂಬ. ಯಾರೂ ಅಲ್ಲಿ ಇರಲಿಲ್ಲ, ದೇವರು ದೊಡ್ಡವನು. ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ, ಮೇಲೆ ಜಾಗ ಬಿಡಿ, ಮೊದಲ ಒಂದು ತಿಂಗಳು ದಿನಾ ಮುಚ್ಚಳ ತೆಗೆದು ಗಾಳಿ ಬಿಡಿ.

ಹಸಿರುತೋಟ
ಇದು ಸರಿಯಾದ ಮಾತು. ನಾನೇ ಮೊದಲು ಹೇಳಬೇಕಿತ್ತು.

ಸೊಪ್ಪಿನಸಾರು
ಎಷ್ಟೊಂದು ವಿಷಯ ತಿಳಿಯಿತು, ಎಲ್ಲರಿಗೂ ಧನ್ಯವಾದ. ಮೂರು ತಿಂಗಳು ಕಾಯೋ ಹಾಗಿಲ್ಲ, ನಿಂಬೆ ಉಪ್ಪು ತರಿಸಿದ್ದೇನೆ. ಭಾನುವಾರ ಮಗನನ್ನು ಅಜ್ಜಿ ಮನೆಗೆ ಕಳಿಸಿ ಶುರು ಮಾಡುತ್ತೇನೆ. ಗೋಡೆ, ನೆಲ ಎರಡಕ್ಕೂ ಇದನ್ನೇ ಹಾಕಿ ಒಂದು ಗಂಟೆ ಬಿಡಲಾ?

ಬಿಸಿಲೂರು
ಅಕ್ಕಾ, ತಡೆಯಿರಿ! ನೆಲ ಯಾವುದು?

ಸೊಪ್ಪಿನಸಾರು
ಗೋಡೆಗೆ ಬಿಳಿ ಟೈಲ್ಸ್. ನೆಲ ಹಳೇ ಮೊಸಾಯಿಕ್.

ಬಿಸಿಲೂರು
ನೆಲಕ್ಕೆ ಒಂದು ಹನಿಯೂ ಬೇಡ. ನಾನು ಕಲಬುರಗಿಯವನು. ನಮ್ಮ ಕಡೆ ಮನೆಗೆಲ್ಲ ಶಹಾಬಾದ್ ಫರಸಿ ಹಾಸಿರುತ್ತಾರೆ. ಅಜ್ಜಿ ಮನೆಯ ಪಡಸಾಲೆಯಲ್ಲಿ ಚಹಾ ಚೆಲ್ಲಿ ಕಲೆಯಾಗಿತ್ತು. ನಿಂಬೆರಸಕ್ಕೆ ಕಲೆ ಹೋಗುತ್ತದೆ ಅಂತ ಕೇಳಿ ಹಿಂಡಿ ಬಿಟ್ಟೆ. ಚಹಾ ಕಲೆಯೇನೋ ಹೋಯಿತು, ಆ ಜಾಗದಲ್ಲಿ ಹೊಳಪೂ ಹೋಗಿ ಮಾಸಿದ ಮಚ್ಚೆ ಉಳಿಯಿತು. ಎಪ್ಪತ್ತು ವರ್ಷ ಅಜ್ಜಿ ಒರೆಸಿ ಒರೆಸಿ ಕನ್ನಡಿ ಹಾಗೆ ಇಟ್ಟಿದ್ದ ಕಲ್ಲು ಅದು. ಅಜ್ಜಿ ಬೈಯಲಿಲ್ಲ, ಸುಮ್ನೆ ಆ ಜಾಗದ ಮೇಲೆ ಚಾಪೆ ಹಾಸಿದಳು. ಅದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ರಸಾಯನ_ಮೇಷ್ಟ್ರು
ಬಿಸಿಲೂರು ಅವರು ಸರಿಯಾದ ಹೊತ್ತಿಗೆ ತಡೆದರು. ನಾನು ಮೊದಲೇ ಕೇಳಬೇಕಿತ್ತು, ಕ್ಷಮಿಸಿ. ಶಹಾಬಾದ್ ಕಲ್ಲು, ಕಡಪ ಕಲ್ಲು ಎರಡೂ ಸುಣ್ಣದ ಕಲ್ಲುಗಳೇ. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ. ಮೊಸಾಯಿಕ್‌ನಲ್ಲಿ ಇರೋದು ಸಿಮೆಂಟ್ ಮತ್ತು ಅಮೃತಶಿಲೆಯ ಚೂರು. ಕಲೆಯನ್ನು ಕರಗಿಸೋ ಹುಳಿಗೆ ಕಲೆ ಯಾವುದು, ಕಲ್ಲು ಯಾವುದು ಅಂತ ಗೊತ್ತಾಗುವುದಿಲ್ಲ, ಎರಡನ್ನೂ ತಿನ್ನುತ್ತದೆ. ಕಾವಿ ನೆಲಕ್ಕೂ, ಅಂದರೆ ರೆಡ್ ಆಕ್ಸೈಡ್ ನೆಲಕ್ಕೂ ಹುಳಿ ಬೇಡ, ಅದೂ ಸಿಮೆಂಟಿನದೇ.

ಅನುಮಾನ ಇದ್ದರೆ ಮೂಲೆಯಲ್ಲಿ, ಕಾಣದ ಜಾಗದಲ್ಲಿ ಒಂದು ಹನಿ ಬಿಟ್ಟು ನೋಡಿ. ಗುಳ್ಳೆ ಎದ್ದರೆ ತಕ್ಷಣ ತೊಳೆದು ಅಲ್ಲಿಗೇ ನಿಲ್ಲಿಸಿ.

ಗೋಡೆಗೆ ಹಚ್ಚುವಾಗಲೂ ನೆಲದ ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿ. ಸುರಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಟೈಲ್ಸ್ ನಡುವಿನ ಗೆರೆ ಕೂಡ ಸಿಮೆಂಟ್, ಅದಕ್ಕೇ ಒಂದು ಗಂಟೆ ಬಿಡಬೇಡಿ. ಹತ್ತು ನಿಮಿಷಕ್ಕೆ ತೊಳೆದು ಬೇಕಿದ್ದರೆ ಮತ್ತೆ ಹಚ್ಚಿ.

ಗುಬ್ಬಿಗೂಡು
ಬಯೋ ಎಂಜೈಮ್ ಕೂಡ ಹುಳಿ ಅಂದಿರಲ್ಲ ಮೇಷ್ಟ್ರೇ, ಹಾಗಾದರೆ ಮಾರ್ಬಲ್ ನೆಲಕ್ಕೆ ಅದೂ ಬೇಡವಾ?

ರಸಾಯನ_ಮೇಷ್ಟ್ರು
ಬೇಡ. ನೀರು ಬೆರೆಸಿದರೂ ದಿನಾ ಒರೆಸಿದರೆ ಹೊಳಪು ನಿಧಾನಕ್ಕೆ ಹೋಗುತ್ತದೆ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಆದರೆ ಬಳಸಿ.

ಹಸಿರುತೋಟ
ನಮ್ಮದು ವಿಟ್ರಿಫೈಡ್. ಅಕ್ಕನ ಮನೆಯದು ಮಾರ್ಬಲ್, ಅವಳಿಗೂ ಎರಡು ಬಾಟಲಿ ಕೊಟ್ಟಿದ್ದೆ. ಈಗಲೇ ಫೋನ್ ಮಾಡುತ್ತೇನೆ.

ನೇರಮಾತು
ಇಷ್ಟೆಲ್ಲ ಯಾಕೆ? ಅಂಗಡಿಯಲ್ಲಿ ಇದಕ್ಕೇ ಅಂತ ಕ್ಲೀನರ್ ಸಿಗುತ್ತದೆ. ಹೆಂಗಸರ ಭಾನುವಾರ ಎಲ್ಲ ನಲ್ಲಿಗೆ ಬಟ್ಟೆ ಸುತ್ತೋದರಲ್ಲೇ ಹೋಗಬೇಕಾ?

ಹೆಂಚಿನಮನೆ
ಹೆಂಗಸರ ಭಾನುವಾರ ಅಂತ ಯಾಕೆ ಅಂದುಕೊಂಡಿರಿ? ನಮ್ಮ ಮನೆಯಲ್ಲಿ ಬಾತ್‌ರೂಮ್ ತೊಳೆಯೋದು ನಾನೇ, ನಾನು ಗಂಡಸು. ಅಂಗಡಿಯ ಕ್ಲೀನರ್ ಬೇಡ ಅಂತ ಯಾರೂ ಹೇಳುತ್ತಿಲ್ಲ. ಅವರು ಕೇಳಿದ್ದು ಮಗುವಿಗೆ ತೊಂದರೆ ಆಗದ ದಾರಿ. ಅದಕ್ಕೆ ಉತ್ತರ ಕೊಡಿ.

ಸೇವಂತಿಗೆ
ನಾನೂ ಒಂದು ಹೇಳಲೇಬೇಕು. ಯಾವ ಎರಡು ಕ್ಲೀನರ್‌ಗಳನ್ನೂ ಒಟ್ಟಿಗೆ ಹಾಕಬೇಡಿ. ಹೋದ ವರ್ಷ ನಮ್ಮತ್ತೆ ಕಮೋಡ್‌ಗೆ ಬ್ಲೀಚಿಂಗ್ ಪೌಡರ್ ಹಾಕಿ, ಅದರ ಮೇಲೆ ಆಸಿಡ್ ಸುರಿದರು. ಎರಡು ಸೇರಿದರೆ ಬೇಗ ಬೆಳ್ಳಗಾಗುತ್ತದೆ ಅಂತ ಅವರ ಲೆಕ್ಕ. ಒಂದೇ ನಿಮಿಷಕ್ಕೆ ಕಣ್ಣು ಉರಿ, ಎದೆ ಹಿಡಿದ ಹಾಗೆ ಆಗಿ ಬಾಗಿಲಲ್ಲೇ ಕುಸಿದರು. ಎತ್ತಿಕೊಂಡು ಹೊರಗೆ ತಂದು ಆಸ್ಪತ್ರೆಗೆ ಹೋದೆವು. ಆಕ್ಸಿಜನ್ ಹಾಕಿದರು, ಎರಡು ದಿನ ಇಟ್ಟುಕೊಂಡರು. ಈಗ ಹುಷಾರಾಗಿದ್ದಾರೆ.

ರಸಾಯನ_ಮೇಷ್ಟ್ರು
ಅದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ ಈಪ್ರ ಅನ್ನೋ ಊರಿನ ಹತ್ತಿರ ಸೈನಿಕರ ಮೇಲೆ ಬಿಟ್ಟ ಅನಿಲ ಇದೇ. ಬ್ಲೀಚ್‌ಗೆ ಯಾವ ಹುಳಿ ಬೆರೆತರೂ ಇದು ಹುಟ್ಟುತ್ತದೆ. ಬಾತ್‌ರೂಮ್ ಆಸಿಡ್ ಮಾತ್ರ ಅಲ್ಲ, ವಿನೆಗರ್, ನಿಂಬೆ ಉಪ್ಪು, ಬಯೋ ಎಂಜೈಮ್ ಬೆರೆತರೂ ಅಷ್ಟೇ. ಅಮೋನಿಯಾ ಇರೋ ಗಾಜು ಒರೆಸೋ ದ್ರವ ಬೆರೆತರೆ ಬೇರೊಂದು ವಿಷಾನಿಲ, ಕ್ಲೋರಮೈನ್. ಮನೆಯಲ್ಲಿ ಮಾಡಿದ್ದು, ನೈಸರ್ಗಿಕ, ಅದರಿಂದ ಏನೂ ಆಗಲ್ಲ ಅಂತ ತಿಳಿಯಬೇಡಿ.

ತುಂಗಾತೀರ
ಸೇವಂತಿಗೆ ಅವರೇ, ಅತ್ತೆ ಚೇತರಿಸಿಕೊಂಡದ್ದು ಕೇಳಿ ಸಮಾಧಾನ ಆಯಿತು. ನಮ್ಮ ಬಾತ್‌ರೂಮಿನಲ್ಲೂ ಎರಡೂ ಅಕ್ಕಪಕ್ಕದಲ್ಲೇ ಇದ್ದವು. ಇದನ್ನು ಓದಿ ಎದ್ದು ಹೋಗಿ ಒಂದನ್ನು ಹಿತ್ತಲ ಶೆಡ್‌ನಲ್ಲಿಟ್ಟು ಬಂದೆ.

ಮಲೆನಾಡ_ಮಳೆ
ವಿಷಯ ಸ್ವಲ್ಪ ಬೇರೆ. ಹಬ್ಬ ಹತ್ತಿರ ಬಂತು, ದೇವರ ಮನೆಯ ಹಿತ್ತಾಳೆ ದೀಪಗಳೆಲ್ಲ ಕಪ್ಪಾಗಿವೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಥಳಥಳ ಅನ್ನುತ್ತವೆ, ಮೂರನೇ ದಿನಕ್ಕೆ ಮತ್ತೆ ಮಂಕು. ಏನು ತಪ್ಪು ಮಾಡುತ್ತಿದ್ದೇನೆ?

ಕರಾವಳಿ_ಕೊಡೆ
ತೊಳೆದ ಮೇಲೆ ನೀರು ಆರಲಿ ಅಂತ ಬೋರಲು ಹಾಕುತ್ತೀರಾ? ಹಾಗೆ ಮಾಡಬಾರದು. ಹುಳಿ ಒಂದಿಷ್ಟೂ ಉಳಿಯದ ಹಾಗೆ ಎರಡು ನೀರಿನಲ್ಲಿ ತೊಳೆದು, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹತ್ತು ನಿಮಿಷ ಇಡಿ. ಕೊನೆಗೆ ಒಣ ವಿಭೂತಿ ಹಾಕಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ನಮ್ಮಲ್ಲಿ ಚೌತಿಗೆ ತಿಕ್ಕಿದ ದೀಪ ನವರಾತ್ರಿವರೆಗೂ ಹೊಳೆಯುತ್ತದೆ.

ಹೆಂಚಿನಮನೆ
ಒಳಗೆ ಕಲಾಯಿ ಹಾಕಿದ ಪಾತ್ರೆಗೆ ಮಾತ್ರ ಒಳಭಾಗಕ್ಕೆ ಬೂದಿ, ಇಟ್ಟಿಗೆ ಪುಡಿ ಹಾಕಿ ಉಜ್ಜಬೇಡಿ. ತವರದ ತೆಳು ಪದರ ಅದು, ಎದ್ದು ಹೋಗುತ್ತದೆ. ಈಗ ಕಲಾಯಿ ಹಾಕುವವರನ್ನು ಹುಡುಕೋದೇ ಕಷ್ಟ.

ಮಲೆನಾಡ_ಮಳೆ
ಒರೆಸೋದೇ ಬಿಟ್ಟಿದ್ದೆ, ಈಗ ಗೊತ್ತಾಯಿತು. ಬದಲಿಗೆ ನನ್ನದೊಂದು ತಗೊಳ್ಳಿ. ಹಲಸಿನಹಣ್ಣಿನ ಮೇಣ ಕೈಗೆ, ಚಾಕುವಿಗೆ ಅಂಟಿದರೆ ಸೋಪು ಹಾಕಬೇಡಿ, ಮತ್ತಷ್ಟು ಅಂಟುತ್ತದೆ. ತೆಂಗಿನೆಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು. ಕೊಯ್ಯೋಕೆ ಮೊದಲೇ ಎಣ್ಣೆ ಸವರಿಕೊಂಡರೆ ಇನ್ನೂ ಒಳ್ಳೆಯದು.

ಗುಬ್ಬಿಗೂಡು
ಅರಿಶಿನದ ಕಲೆಗೆ ಏನು ಮಾಡುತ್ತೀರಿ? ಮಗಳ ಬಿಳಿ ಕಾಟನ್ ಲಂಗಕ್ಕೆ ಸಾರು ಚೆಲ್ಲಿತು. ಸೋಪು ಹಾಕಿದ ಕೂಡಲೇ ಹಳದಿ ಹೋಗಿ ಕೆಂಪಾಯಿತು. ಬಟ್ಟೆ ಹಾಳಾಯಿತು ಅಂತ ಮೂಲೆಗೆ ಹಾಕಿದ್ದೇನೆ.

ಸೇವಂತಿಗೆ
ಹಾಳಾಗಿಲ್ಲ, ಎತ್ತಿಕೊಳ್ಳಿ. ಅರಿಶಿನಕ್ಕೆ ಸೋಪಿನ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಆರತಿಗೆ ಅರಿಶಿನ-ಸುಣ್ಣ ಕಲಸಿದರೆ ಓಕುಳಿ ಕೆಂಪಾಗುತ್ತದಲ್ಲ, ಅದೇ. ಚೆನ್ನಾಗಿ ಜಾಲಿಸಿ, ಒದ್ದೆ ಇರುವಾಗಲೇ ಕಲೆ ಮೇಲೆ ಬರೋ ಹಾಗೆ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲು ತಡೆಯಲ್ಲ. ಎರಡು ಮೂರು ದಿನ ಹಾಕಿದರೆ ಮಾಸುತ್ತದೆ. ರೇಷ್ಮೆಗೆ ಮಾತ್ರ ಹೀಗೆ ಮಾಡಬೇಡಿ, ಸೀರೆಯ ಬಣ್ಣವೇ ಹೋದೀತು.

ಗುಬ್ಬಿಗೂಡು
ಓಕುಳಿ ವರ್ಷ ವರ್ಷ ಕಲಸುತ್ತೇನೆ, ಲಂಗಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆದೇ ಇರಲಿಲ್ಲ! ಇವತ್ತೇ ತಾರಸಿಗೆ ಹಾಕುತ್ತೇನೆ.

ನೇರಮಾತು
ಹೆಂಚಿನಮನೆ ಅವರೇ, ನನ್ನ ಮಾತು ತಪ್ಪಾಗಿತ್ತು, ಒಪ್ಪುತ್ತೇನೆ. ಒಂದು ಪ್ರಶ್ನೆ. ಇಡ್ಲಿ ಪಾತ್ರೆಯ ಒಳಗೆ ಕಪ್ಪಾಗಿದೆ, ಅಲ್ಯೂಮಿನಿಯಂದು. ಅದಕ್ಕೂ ನಿಂಬೆ ಉಪ್ಪು ಆಗುತ್ತಾ?

ಹೆಂಚಿನಮನೆ
ಆಗುತ್ತದೆ. ಹಿಂಡಿದ ನಿಂಬೆ ಸಿಪ್ಪೆ ಅಥವಾ ಒಂದು ಎಸಳು ಹುಣಸೆಹಣ್ಣು ಹಾಕಿ ನೀರು ಕುದಿಸಿದರೂ ಸಾಕು, ಕಪ್ಪು ಬಿಡುತ್ತದೆ. ಇಡ್ಲಿ ಬೇಯಿಸುವಾಗಲೇ ತಳದ ನೀರಿಗೆ ಒಂದು ಚೂರು ಹಾಕಿಡಿ, ಕಪ್ಪಾಗೋದೇ ಇಲ್ಲ.

ಸೊಪ್ಪಿನಸಾರು
ಭಾನುವಾರದ ವರದಿ ಒಪ್ಪಿಸುತ್ತಿದ್ದೇನೆ. ನೆಲಕ್ಕೆ ಪೂರ್ತಿ ಪ್ಲಾಸ್ಟಿಕ್ ಶೀಟ್ ಹಾಸಿದೆವು. ಮೊದಲು ಗೋಡೆಗೆ ಪಾತ್ರೆ ಸೋಪು, ಆಮೇಲೆ ನಿಂಬೆ ಉಪ್ಪಿನ ನೀರಿನಲ್ಲಿ ಅದ್ದಿದ ಬಟ್ಟೆ. ಎದೆಮಟ್ಟದವರೆಗಿನ ಟೈಲ್ಸ್ ಒಂದೇ ಸಲಕ್ಕೆ ಬಿಳುಪಾಯಿತು. ಕೆಳಗಿನ ಎರಡು ಸಾಲು ದಪ್ಪ ಇತ್ತು, ನಾಲ್ಕು ಸಲ ಹಚ್ಚಬೇಕಾಯಿತು. ನಲ್ಲಿಗೆ ಸುತ್ತಿದ ಬಟ್ಟೆ ಅರ್ಧ ಗಂಟೆಗೆ ಬಿಚ್ಚಿದರೆ ಪದರ ಬೆರಳಿಗೇ ಕಿತ್ತು ಬಂತು. ಷವರ್ ಕವರ್ ಕಟ್ಟಿ ಬಿಟ್ಟು, ಬ್ರಷ್ ಹಾಕಿದ ಮೇಲೆ ಎಲ್ಲ ತೂತಿನಿಂದಲೂ ನೀರು ಬರುತ್ತಿದೆ. ಗಂಡ ನಂಬಲಿಲ್ಲ, ಮೂರು ಸಲ ತಿರುಗಿಸಿ ನೋಡಿದರು.

ಮಗ ಸಂಜೆ ಬಂದ, ರಾತ್ರಿ ಒಂದು ಸಲವೂ ಕೆಮ್ಮಲಿಲ್ಲ. ನನಗೆ ಬೇಕಿದ್ದದ್ದು ಅದು.

ಮೊಸಾಯಿಕ್ ನೆಲಕ್ಕೆ ಸೋಪಿನ ನೀರು, ಬ್ರಷ್ ಅಷ್ಟೇ ಹಾಕಿದೆ. ಬಾಗಿಲ ಹತ್ತಿರ ಬಿಳಿ ಇನ್ನೂ ಇದೆ. ಮಾಲೀಕರಿಗೆ ಇರೋ ವಿಷಯ ಹೇಳುತ್ತೇನೆ, ಹುಳಿ ಹಾಕಿದರೆ ನಿಮ್ಮ ನೆಲವೇ ಹೋಗುತ್ತದೆ ಅಂತ. ಹೊಸ ಮನೆಯಲ್ಲೂ ಬೋರ್ ನೀರೇ. ಶುರುವಿನಿಂದಲೇ ಕಲೆ ಕೂರದ ಹಾಗೆ ಏನಾದರೂ ಮಾಡಬಹುದಾ?

ಹೆಂಚಿನಮನೆ
ಸ್ನಾನ ಆದ ಮೇಲೆ ಕೊನೆಯಲ್ಲಿ ಹೊರಗೆ ಬರುವವರು ಗೋಡೆಗೆ ಒಂದು ಸಲ ವೈಪರ್ ಎಳೆದು, ನಲ್ಲಿಯನ್ನು ಒಣ ಬಟ್ಟೆಯಲ್ಲಿ ಒರೆಸಬೇಕು. ಒಂದು ನಿಮಿಷದ ಕೆಲಸ. ನೀರು ಅಲ್ಲೇ ಆರಿದರೆ ತಾನೇ ಸುಣ್ಣ ಉಳಿಯೋದು. ಬಾಗಿಲ ಹಿಂದೆ ಮೊಳೆ ಹೊಡೆದು ಬಟ್ಟೆ ಅಲ್ಲೇ ನೇತುಹಾಕಿ, ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ.

ಸೊಪ್ಪಿನಸಾರು
ಮೊಳೆ ಹೊಡೆಯೋಕೆ ಹೊಸ ಮಾಲೀಕರು ಬಿಡುವುದಿಲ್ಲ. ಅಂಟಿಸೋ ಕೊಕ್ಕೆ ತರುತ್ತೇನೆ.